ಸೋರುತ್ತಿದ್ದ ತಂಪು

ಕಳೆದ ತಿಂಗಳು ಗದ್ವಾಲದಲ್ಲಿ ಒಂದು ಮದುವೆಯಿತ್ತು. ರೈಲಿನಿಂದ ಇಳಿದು, ಸ್ಟೇಷನ್ನಿನ ಹೊರಗೆ ನಿಂತಿದ್ದ ಹಳೆಯ ಬಾಡಿಗೆ ಕಾರೊಂದನ್ನು ಹತ್ತಿದೆ. "ಎಸಿ ಹಾಕ್ಲೇನ್ರಿ ಅಕ್ಕಾರ?" ಎಂದು ಕೇಳಿ ಡ್ರೈವರ್ ಗುಂಡಿ ತಿರುಗಿಸಿದ. ಗಾಳಿಗಿಂತ ಮುಂಚೆ ವಾಸನೆ ಬಂತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಹಳೆಯ ಧೂಳು, ಅದರಡಿಯಲ್ಲಿ ನೆನೆದ ಗೋಣಿಚೀಲದಂಥ ಒಂದು ಒದ್ದೆ ವಾಸನೆ. ಉಡುಗೊರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ನಾನು ಅದನ್ನು ಎದೆಗವಚಿಕೊಂಡೆ. ಕನ್ನಡಿಯಲ್ಲಿ ನನ್ನ ಮುಖ ಕಂಡ ಡ್ರೈವರ್ ಗಾಬರಿಯಾಗಿ, "ಬಂದ್ ಮಾಡ್ಲೇನ್ರಿ?" ಎಂದ.

"ಬ್ಯಾಡಪ್ಪ, ಹಂಗಽ ಇರಲಿ."

ಆ ವಾಸನೆ ಬಂದರೆ ಅದರ ಬೆನ್ನಿಗೇ ತಂಪು ಬರುತ್ತದೆಂದು ನನಗೆ ಗೊತ್ತು. ತೆಲಂಗಾಣ ಆದ ವರ್ಷದ ಬೇಸಿಗೆಯಲ್ಲಿ ಆ ವಾಸನೆಗಾಗಿ ನಾನು ಬೇಡದ ದೇವರಿಲ್ಲ. ರಾಯಚೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ದೇವರನ್ನೂ ಬೇಡಿದೆ, ಗಡಿಯಾಚೆ ನಾರಾಯಣಪೇಟೆಯ ಗಂಡನ ಮನೆಯ ಜಗಲಿಯ ಮೇಲಿದ್ದ ದೇವರನ್ನೂ ಬೇಡಿದೆ.

ನನ್ನ ಮಗ ಸೋಮುವಿಗೆ ಆಗ ಮೂರು ವರ್ಷ. ಅವನಿಗೆ ಬೆವರು ಬರುತ್ತಿರಲಿಲ್ಲ. ಹೇಳಿದರೆ ಜನ ನಗುತ್ತಿದ್ದರು, "ಪುಣ್ಯವಂತ ಬಿಡ್ರಿ" ಎನ್ನುತ್ತಿದ್ದರು. ಮೊದಲ ವರ್ಷ ನಮಗೂ ತಿಳಿಯಲಿಲ್ಲ. ತಲೆಗೂದಲು ಜೋಳದ ತೆನೆಯ ಕೂದಲಿನಷ್ಟು ತೆಳ್ಳಗೆ, ಹಲ್ಲು ಎರಡೋ ಮೂರೋ, ಅವೂ ಮೊಳೆಯಂತೆ ಚೂಪು. ಬೇಸಿಗೆ ಬಂತೆಂದರೆ ಕಾರಣವಿಲ್ಲದ ಜ್ವರ. ಹಿಂದಿನ ವರ್ಷ ಆ ಜ್ವರದಲ್ಲೇ ಫಿಟ್ಸ್ ಬಂದು ಮಗು ಬಿಲ್ಲಿನಂತೆ ಸೆಟೆದುಕೊಂಡ ಮೇಲೆ ರಾಯಚೂರಿನ ಮಕ್ಕಳ ಡಾಕ್ಟರು ಹೇಳಿದರು: "ಹುಟ್ಟಿದಾಗಿಂದ ಇದರ ಮೈಯಾಗ ಬೆವರಿನ ಗ್ರಂಥಿ ಇಲ್ರಿ. ಔಷಧ ಇಲ್ಲ. ಹೊರಗಿನ ಬಿಸಿ ಒಳಗ ಹೋದ್ರ ಹೊರಗ ಬರಂಗಿಲ್ಲ. ತಂಪಾಗಿ ಇಡ್ರಿ. ಇನ್ನೊಮ್ಮಿ ಹಿಂಗ ಫಿಟ್ಸ್ ಬಂದ್ರ ಮೆದುಳಿಗೆ ಪೆಟ್ಟು ಬೀಳ್ತೈತಿ, ಜೀವಕ್ಕೂ ಬರಬಹುದು."

ತಂಪಾಗಿ ಇಡಬೇಕು. ನಮ್ಮ ಸೀಮೆಯ ಮೇ ತಿಂಗಳಲ್ಲಿ!

ಆ ವರ್ಷ ಊರೆಲ್ಲ ಹೊಸ ರಾಜ್ಯಕ್ಕಾಗಿ ಹೋರಾಡಿದ ಪಕ್ಷದ ಗುಲಾಬಿ ಬಣ್ಣದ ಬಾವುಟ. ಜೂನ್ ಎರಡಕ್ಕೆ ಹೊಸ ರಾಜ್ಯ ಎಂದು ಜನ ಮದುವೆ ಮನೆಯವರಂತೆ ಓಡಾಡುತ್ತಿದ್ದರು. ನನ್ನ ಗಂಡ ವೀರೇಶ ಅವರದು ಬಜಾರಿನಲ್ಲಿ ಸೀರೆ ಅಂಗಡಿ. ಅಲ್ಲಿ ಕೂತವರದೆಲ್ಲ ಒಂದೇ ಮಾತು: "ನಮ್ಮ ರಾಜ್ಯ ಬಂದ್ರ ಕರೆಂಟು ಹೊಳಿಯಂಗ ಹರೀತೈತಿ." ಅದನ್ನು ಮನೆಗೆ ಬಂದು ಹೇಳಿದರೆ ನಮ್ಮ ಅತ್ತೆ, "ಅಲ್ಲೀತನ ಬಂದು ಕೂಸಿಗಿ ಬೀಸಣಿಕಿ ಬೀಸ್ರಿ ಅನ್ನು ಅವರಿಗಿ" ಎಂದುಬಿಡುತ್ತಿದ್ದರು. ಕರೆಂಟು ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಹೋದರೆ ಇಳಿಹೊತ್ತಿಗೆ ಬರುತ್ತಿತ್ತು. ಕೂಲರ್ ಸತ್ತಂತೆ ನಿಲ್ಲುತ್ತಿತ್ತು. ಇನ್ವರ್ಟರಿಗೆ ಹಚ್ಚಿದ ಫ್ಯಾನು ಕಾದ ಹಂಚಿನಂಥ ಛಾವಣಿಯ ಗಾಳಿಯನ್ನೇ ಕೆಳಗೆ ತಳ್ಳುತ್ತಿತ್ತು. ನನ್ನ ತವರು ರಾಯಚೂರಿಗೆ ಹೋಗೋಣವೆಂದರೆ ಅದು ಇದಕ್ಕಿಂತ ಕಾದ ಹಂಚು.

ನಮಗಿದ್ದದ್ದು ಒಂದು ಹಳೆಯ ಬಿಳಿ ಕಾರು. ನಮ್ಮ ಮಾವ ಬದುಕಿದ್ದಾಗ ಕೊಂಡದ್ದು, ಆ ಮಾಡೆಲ್ ತಯಾರಾಗುವುದು ನಿಂತೇ ಎಷ್ಟೋ ವರ್ಷವಾಗಿತ್ತು. ಆದರೆ ಅದರ ಎಸಿಗೆ ಊರಿನ ಕರೆಂಟು ಬೇಕಿರಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಹಿಂದಿನ ಸೀಟಿನಲ್ಲಿ ಸೋಮುವನ್ನು ಕೂರಿಸಿಕೊಂಡು ಕೂರುತ್ತಿದ್ದೆ. ಬಿಸಿಲಿಳಿಯುವವರೆಗೆ ಅದೇ ನಮ್ಮ ಮನೆ. ಊಟ ಅಲ್ಲಿ, ನಿದ್ದೆ ಅಲ್ಲಿ, ಬಣ್ಣದ ಪೆನ್ಸಿಲ್ ಅಲ್ಲಿ. ಓಣಿಯ ಹೆಂಗಸರು ಕಿಟಕಿಯ ಗಾಜು ಬಡಿದು, "ಏನವ್ವಾ ಮಹಾರಾಣಿ, ಯಾವೂರಿಗಿ ಹೊಂಟೀ?" ಎಂದು ನಗಿಸುತ್ತಿದ್ದರು. "ಊಟಿಗಿ" ಎಂದು ನಾನೂ ಗಾಜಿನೊಳಗಿಂದಲೇ ಕೂಗುತ್ತಿದ್ದೆ.

ಎಸಿ ನಡೆಯುವಾಗ ಕಾರಿನ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತದೆ. ಆ ಒದ್ದೆ ಮಣ್ಣಿಗೆ ಗುಬ್ಬಿಗಳು ಬರುತ್ತಿದ್ದವು. ಸೋಮು ಗಾಜಿಗೆ ಮೂಗು ಒತ್ತಿಕೊಂಡು ಅವನ್ನು ನೋಡುತ್ತಿದ್ದ. ಒಂದು ಮಧ್ಯಾಹ್ನ ಗುಬ್ಬಿಗಳು ಬಂದು, ಒಣ ನೆಲವನ್ನು ಕುಕ್ಕಿ, ಹಾರಿಹೋದವು. ನಾನು ಬಗ್ಗಿ ನೋಡಿದೆ. ನೀರಿರಲಿಲ್ಲ. ಗಾಳಿ ಇನ್ನೂ ಬರುತ್ತಿತ್ತು. ಬಾಯಿಂದ ಊದಿದಂಥ ಬೆಚ್ಚನೆಯ ಗಾಳಿ.

ನಾರಾಯಣಪೇಟೆಯಲ್ಲಿ ಎಸಿ ನೋಡುವವರಿರಲಿಲ್ಲ. ಮಕ್ತಲ್‌ನಲ್ಲಿ ಹನುಮಂತು ಎಂಬ ಮೆಕ್ಯಾನಿಕ್ ಇದ್ದ. ವೀರೇಶ ಅವರು ಕಾರು ಒಯ್ದು ಸಂಜೆಗೆ ತಂದರು. "ಗ್ಯಾಸ್ ಕಮ್ಮಿ ಆಗಿತ್ತಂತ, ತುಂಬ್ಯಾನ." ತಂಪು ಬಂತು. ಅತ್ತೆ ಕಾರಿಗೆ ಕುಂಕುಮ ಹಚ್ಚಿದರು. ಎರಡು ದಿನ ಕಳೆಯುವಷ್ಟರಲ್ಲಿ ಮತ್ತೆ ಬಿಸಿ ಗಾಳಿ. ಮತ್ತೆ ಮಕ್ತಲ್, ಮತ್ತೆ ಗ್ಯಾಸು. ಈ ಸಲ ಒಂದು ದಿನವೂ ನಿಲ್ಲಲಿಲ್ಲ. ಎಲ್ಲೋ ಸೋರುತ್ತಿದೆ, ಆದರೆ ಎಲ್ಲಿ ಎಂದು ಹನುಮಂತುವಿಗೆ ಸಿಗಲಿಲ್ಲ. "ಅಂತಾ ಚೂಶಾನು ಸಾರ್," ಎಲ್ಲ ನೋಡಿದೆ ಸಾರ್ ಎಂದು ತೆಲುಗಿನಲ್ಲೇ ಕೈ ಮುಗಿದನಂತೆ. ಬಾಡಿಗೆಗೆ ಬೇರೆ ಎಸಿ ಕಾರು ಕೇಳಿದರೆ, ಎಲ್ಲವೂ ಮದುವೆಗಳಿಗೆ, ಚುನಾವಣೆಯವರಿಗೆ ಹೋಗಿದ್ದವು.

ಆ ವಾರ ನಾನು ಮನುಷ್ಯಳಾಗಿರಲಿಲ್ಲ. ಮಗುವಿಗೆ ಒದ್ದೆ ಬನಿಯನ್ ತೊಡಿಸುವುದು, ಅದು ಒಣಗುವ ಮೊದಲೇ ಇನ್ನೊಂದು. ಬಚ್ಚಲಿನ ತಾಮ್ರದ ಹಂಡೆಯಲ್ಲಿ ಕೂರಿಸುವುದು. ಹಂಡೆಯ ನೀರೂ ಮಧ್ಯಾಹ್ನಕ್ಕೆ ಬೆಚ್ಚಗಾಗುತ್ತಿತ್ತು. ಅವನ ಚರ್ಮ ಕೆಂಪಾಗಿ, ಒಣಗಿ, ಹಂಚಿನ ಮೇಲಿನ ರೊಟ್ಟಿಯಂತೆ ಸುಡುತ್ತಿತ್ತು. ಆಡುತ್ತಿದ್ದವನು ಆಟ ಬಿಟ್ಟ. ಅಳುತ್ತಿದ್ದವನು ಅಳುವುದನ್ನೂ ಬಿಟ್ಟ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಎದುರಿಗೆ ಕೂತು ಬೀಸುತ್ತಿದ್ದ ಅತ್ತೆಯ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. "ಇಷ್ಟು ನೀರು ನನಗ್ಯಾಕ ಬೇಕೋ ಶಿವನ," ಎಂದು ಅವರು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

ಯಾರೋ ಅಂಗಡಿಯಲ್ಲಿ ಹೇಳಿದರು: ಗದ್ವಾಲದಲ್ಲಿ ಗೌಸ್ ಮಿಯಾ ಅಂತ ಇದ್ದಾನೆ, ಹತ್ತಿಬೀಜದ ಕಂಪನಿಗಳ ಕಾರುಗಳಿಗೆಲ್ಲ ಅವನೇ ಎಸಿ ಮಾಡುವವನು. ಮಗುವನ್ನು ಬಿಟ್ಟು ಕಾರು ಮಾತ್ರ ಕಳಿಸುವುದೋ, ಎಲ್ಲರೂ ಹೋಗುವುದೋ?

"ಕಾರು ಅಲ್ಲಿ ತಂಪಾಗಿ, ಕೂಸು ಇಲ್ಲಿ ಬಿಸಿಯಾಗಿ ಇದ್ರ ಏನ್ ಬಂತು? ಎಲ್ಲಾರೂ ಹೋಗೋಣು," ಎಂದರು ಅತ್ತೆ.

ಸೂರ್ಯ ಹುಟ್ಟುವ ಮೊದಲೇ ಹೊರಡಬೇಕೆಂದು ಕಿಟಕಿಗಳಿಗೆ ಒದ್ದೆ ಚಾದರ ಕಟ್ಟಿ, ಮಣ್ಣಿನ ಗಡಿಗೆಗಳಲ್ಲಿ ನೀರು ತುಂಬಿ ಸಿದ್ಧವಾದೆವು. ಪೆಟ್ರೋಲ್ ಬಂಕಿನಲ್ಲಿ ಕರೆಂಟಿರಲಿಲ್ಲ. ಜನರೇಟರ್ ಚಾಲೂ ಮಾಡುವವನು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರತೊಡಗಿತ್ತು. ಮಕ್ತಲ್ ತಲುಪಿದರೆ ಬಜಾರಿನ ತುಂಬ ಚುನಾವಣೆ ಗೆದ್ದವರ ಮೆರವಣಿಗೆ. ಡೊಳ್ಳು, ಪಟಾಕಿ, ಮೋಡದಂತೆ ಗುಲಾಬಿ ಪುಡಿ. ಕಾರು ನಿಂತಿತು. ನಿಂತ ಕಾರು ಒಲೆಯಾಯಿತು. ಚಾದರ ಸರಿಸಿ ನಾನು ಕೂಗಿದೆ. ಡೊಳ್ಳಿನಲ್ಲಿ ಯಾರಿಗೂ ಕೇಳಲಿಲ್ಲ. ಕುಣಿಯುತ್ತಿದ್ದ ಒಬ್ಬ ಗುಲಾಬಿ ಬಣ್ಣದ ಮನುಷ್ಯ ಕಿಟಕಿಗೆ ಬಗ್ಗಿ ಪುಡಿ ಎರಚಲು ಬಂದವನು, ಮಗುವಿನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡ. "ಏಯ್, ಜರಗಂಡಿ! ಪಿಲ್ಲಗಾಡು!" ಸರಿಯಿರಿ, ಸಣ್ಣ ಹುಡುಗ ಇದ್ದಾನೆ ಎಂದು ತೆಲುಗಿನಲ್ಲಿ ಚೀರುತ್ತ ಜನರನ್ನು ಎರಡೂ ಬದಿ ನೂಕಿ, ಸೋಡಾ ಬಂಡಿಯಿಂದ ಒಂದು ಹಿಡಿ ಮಂಜುಗಡ್ಡೆ ತಂದು ಅತ್ತೆಯ ಸೆರಗಿಗೆ ಸುರಿದ. ಅತ್ತೆ ಅದನ್ನು ಮಗುವಿನ ಮೈಗೆ ಒತ್ತುತ್ತಿದ್ದಂತೆ ಅವನ ಬೆರಳಿನ ಬಣ್ಣ ಕರಗಿ ಸೋಮುವಿನ ಬಿಳಿ ಬನಿಯನ್ ಮೇಲೆ ಗುಲಾಬಿ ನೀರು ಇಳಿಯಿತು. ಕ್ಷಣಮಾತ್ರ ಅದು ರಕ್ತವೆಂದು ತಿಳಿದು ನಾನು ಬಾಯಿ ಮುಚ್ಚಿಕೊಂಡೆ.

ಜುರಾಲಾ ಡ್ಯಾಮಿನ ಮೇಲೆ ಹೋಗುವಾಗ ಒಂದು ಕಡೆ ಅಷ್ಟು ನೀರು. ಅದರ ಮೇಲಿಂದ ಬಂದ ಗಾಳಿಯೂ ಸುಡುತ್ತಿತ್ತು.

ಗೌಸ್ ಮಿಯಾನ ವರ್ಕ್‌ಶಾಪ್ ಎಂದರೆ ತಗಡಿನ ಒಂದು ಶೆಡ್ಡು, ಪಕ್ಕದಲ್ಲಿ ಪಂಕ್ಚರ್ ಅಂಗಡಿ, ನಡುವೆ ಒಂದು ಬೋರಿಂಗ್ ಪಂಪು. ಮೆಹಂದಿ ಹಚ್ಚಿದ ಗಡ್ಡದ, ಬಾಯಿತುಂಬ ಪಾನ್ ಇದ್ದ ಆತ ಎಲ್ಲ ಕೇಳಿ, "ಮಕ್ತಲ್‌ನಾಗ ಎಸಿ ಅಂದ್ರ ಕುಲ್ಫಿ ಡಬ್ಬಿ ಅಂತ ತಿಳದಾರ್ರಿ. ಸೋರೋ ಜಾಗ ಬಿಟ್ಟು ಗ್ಯಾಸ್ ತುಂಬಿದ್ರ ಗ್ಯಾಸ್ ಕಂಪನಿಗಿ ಲಾಭ. ಕೂಡ್ರಿ, ಚಾ ಕುಡಿಯೋದ್ರಾಗ ಹಿಡದು ಕೊಡ್ತೀನಿ ಕಳ್ಳನ್ನ," ಎಂದ.

ನಾನು ಕೂರಲಿಲ್ಲ. ನೆರಳಿನಲ್ಲೂ ಮಗುವಿನ ಮೈ ಏರುತ್ತಿತ್ತು. ಟ್ಯೂಬುಗಳ ಪಂಕ್ಚರ್ ನೋಡಲು ಮುಳುಗಿಸುವ ಸಿಮೆಂಟಿನ ತೊಟ್ಟಿ ಅಲ್ಲಿತ್ತು, ಕಪ್ಪು ನೀರು ತುಂಬಿಕೊಂಡು. ಕಾನ್ವೆಂಟಿನಲ್ಲಿ ಊಟಕ್ಕೆ ಮೊದಲು ಉಗುರು ತೋರಿಸಿ ಬೆಳೆದವಳು ನಾನು. ಆ ನೀರನ್ನು ಕೈಯಾರೆ ಮೊಗೆದು ಚೆಲ್ಲಿ, ಸೆರಗಿನಿಂದ ತೊಟ್ಟಿ ಉಜ್ಜಿದೆ. ಅತ್ತೆ ಪಂಪು ಹೊಡೆದು ತುಂಬಿಸಿದರು. ಸೋಮುವನ್ನು ಅದರಲ್ಲಿ ಕುತ್ತಿಗೆವರೆಗೆ ಕೂರಿಸಿ, ತಲೆಗೆ ಒದ್ದೆ ಬಟ್ಟೆ ಹಾಕಿದೆ.

ಗೌಸ್ ಮಿಯಾ ಪೈಪುಗಳಿಗೆ ಸಿಲಿಂಡರಿನ ಗಾಳಿ ಒತ್ತಿ ತುಂಬಿಸಿ, ಸಾಬೂನಿನ ನೊರೆಯನ್ನು ಬ್ರಷ್ಷಿನಿಂದ ಪ್ರತಿ ಕೀಲಿಗೂ ಹಚ್ಚುತ್ತ ಹೋದ. ಸೋರುವ ಕಡೆ ಗುಳ್ಳೆ ಏಳಬೇಕು. ಎಲ್ಲೂ ಏಳಲಿಲ್ಲ. ಗಡಿಯಾರದಂಥ ಮೀಟರಿನ ಮುಳ್ಳು ಮಾತ್ರ ಇಳಿಯುತ್ತಲೇ ಇತ್ತು. ಚಹಾ ಬಂತು, ಆರಿತು. ಆತನ ಮಾತೂ ಆರಿತು. ಕೊನೆಗೆ ಬ್ರಷ್ ಕೆಳಗಿಟ್ಟು, "ಒಳಗ ತಂಪು ಮಾಡೋ ಕಾಯಿಲ್ ಹೋಗಿರಬೇಕ್ರಿ. ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು. ಹಳೇ ಮಾಡೆಲ್ಲು, ಸಾಮಾನು ಹೈದ್ರಾಬಾದಿಂದ ಬರಬೇಕು. ಒಂದು ವಾರ ಹಿಡೀತೈತಿ," ಎಂದ.

ವೀರೇಶ ಅವರು ಅಲ್ಲಿದ್ದ ಹಳೆಯ ಟೈರಿನ ಮೇಲೆ ಕುಸಿದು ಕೂತರು. ತೊಟ್ಟಿಯ ನೀರು ಬೆಚ್ಚಗಾಗುತ್ತಿತ್ತು. ಸೋಮು ಲೋಟ ಬಾಯಿಗಿಟ್ಟರೆ ಕುಡಿಯದೆ ನೀರನ್ನು ತುಟಿಯಿಂದ ಹೊರಬಿಟ್ಟ.

ತೊಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದರಿಂದ ಕಾರಿನ ಮುಖ ನನ್ನ ಕಣ್ಣಿನ ಮಟ್ಟಕ್ಕೇ ಇತ್ತು. ಮುಂದಿನ ಜಾಲರಿಯ ಸಂದಿಯಲ್ಲಿ ಅತ್ತೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ. ಮಗುವಿಗೆ ಫಿಟ್ಸ್ ಬಂದಾಗಿನಿಂದ ಅಮಾವಾಸ್ಯೆಗೊಮ್ಮೆ ಹೊಸದು ಕಟ್ಟುತ್ತಿದ್ದರು. ಮೊದಲು ಹೊರಗೆ ಬಂಪರಿಗೆ ಕಟ್ಟುತ್ತಿದ್ದರು. ವೀರೇಶ ಅವರು ನಾಚಿಕೆಯೆಂದು ಕಿತ್ತೆಸೆದ ಮೇಲೆ, ಅವರ ಕೈಗೆ ಸಿಗದಂತೆ ಕಬ್ಬಿಣದ ತಂತಿಯಿಂದ ಜಾಲರಿಯ ಒಳಗೆ, ಹಿಂದಿನ ತೆಳ್ಳನೆಯ ಕೊಳವೆಗಳಿಗೇ ಬಿಗಿಯತೊಡಗಿದ್ದರು. ಒಣಗಿದ ಹಣ್ಣು ಉದುರುತ್ತಿತ್ತು, ತಂತಿ ಅಲ್ಲೇ ಉಳಿಯುತ್ತಿತ್ತು. ಈಗ ನೋಡಿದರೆ, ಧೂಳು ಹಿಡಿದು ಮುದುಡಬೇಕಿದ್ದ ಹಣ್ಣು ಉಪ್ಪಿನಕಾಯಿಯ ಹೋಳಿನಂತೆ ಮಿರಮಿರ ಮಿಂಚುತ್ತಿತ್ತು. ಅದರ ಸುತ್ತಲಿನ ಧೂಳು ಕಪ್ಪಗೆ ಅಂಟಿಕೊಂಡಿತ್ತು, ಒಗ್ಗರಣೆ ಸಿಡಿದ ಅಡುಗೆಮನೆಯ ಗೋಡೆಯಂತೆ.

"ಗೌಸ್ ಭಾಯ್, ಅಲ್ಲಿ ಎಣ್ಣಿ ಯಾಕ ಐತಿ?"

ಆತ ಬಗ್ಗಿ ನೋಡಿದ. ಪಾನ್ ಜಗಿಯುವುದು ನಿಂತಿತು. "ಗ್ಯಾಸಿನ ಕೂಡ ಎಣ್ಣಿ ಇರ್ತೈತ್ರಿ... ಆದ್ರ ಅಲ್ಲಿ ನಾ ಬ್ರಷ್ ಹಚ್ಚಿಲ್ಲ."

"ಯಾಕ?"

"ದೃಷ್ಟಿಗಿ ಕಟ್ಟಿದ್ದು ಅಕ್ಕಾ. ಒಬ್ಬರು ಕಟ್ಟಿದ್ದು ಇನ್ನೊಬ್ಬರು ಮುಟ್ಟಿದ್ರ ಮುಟ್ಟಿದವರ ಮನಿಗಿ ಬರ್ತೈತಿ. ನನಗೂ ಮೊಮ್ಮಕ್ಕಳದಾವ."

"ಹನುಮಂತೂನೂ ಅದನ್ನ ಬಿಟ್ಟಽ ನೋಡಿದ," ಎಂದರು ವೀರೇಶ ಅವರು, ಎದ್ದು ನಿಂತು.

ಎಲ್ಲರೂ ಆ ಹಣ್ಣನ್ನು ಮುಟ್ಟದೆ ಸುತ್ತು ಬಳಸಿ ಹೋಗಿದ್ದರು. ಎರಡು ಊರಿನ ಮೆಕ್ಯಾನಿಕ್ಕುಗಳು, ಅಂಗೈಯಷ್ಟು ಜಾಗ ಬಿಟ್ಟು.

ವೀರೇಶ ಅವರು ಕೈ ಹಾಕಲು ಹೋದಾಗ ಅತ್ತೆ ಪಂಪು ಬಿಟ್ಟು ಓಡಿಬಂದರು. "ಮುಟ್ಟಬ್ಯಾಡ! ಅದು ಐತಿ ಅಂತಽ ಕೂಸು ಇಷ್ಟರ ಉಳದೈತಿ. ಅಮಾಸಿ ಬರೋಕಿಂತ ಮೊದಲ ಬಿಚ್ಚಬಾರದು."

"ಯವ್ವಾ, ಈಗ ಅಮಾಸಿ ಲೆಕ್ಕ ಹಾಕಬ್ಯಾಡ."

"ನಿನಗೇನ್ ಗೊತ್ತೈತಿ? ಆವಾಗ ನೀ ಕಿತ್ತು ಒಗದೀ, ಮರುದಿನ ಕೂಸಿಗಿ ಜ್ವರ ಬಂತು!"

ತಾಯಿ ಮಗ ಎದುರುಬದುರು ನಿಂತರು. ನಾನು ತೊಟ್ಟಿಯಿಂದ ಕೈ ತೆಗೆಯದೆ ಹೇಳಿದೆ: "ಅತ್ತಿ, ಕಟ್ಟಿದವರು ನೀವು. ನೀವಽ ಬಿಚ್ರಿ."

ಅತ್ತೆ ಮೊಮ್ಮಗನನ್ನು ನೋಡಿದರು. ಅವನ ರೆಪ್ಪೆ ಅರ್ಧ ಮುಚ್ಚಿ ಬಿಳಿ ಭಾಗ ಕಾಣುತ್ತಿತ್ತು. ಕಾರಿನ ಮುಂದೆ ಮಂಡಿಯೂರಿ, ಕೈಮುಗಿದು, ಒದ್ದೆ ಬೆರಳುಗಳಿಂದ ಒಂದೊಂದೇ ತಂತಿ ಬಿಡಿಸಿದರು. ತುಕ್ಕು ಹಿಡಿದ ಸುರುಳಿಗಳು, ಕಳೆದ ಅಮಾವಾಸ್ಯೆಗಳೆಲ್ಲ ಅವರ ಉಡಿಗೆ ಬಿದ್ದವು. ಗೌಸ್ ಮಿಯಾ ನೊರೆ ಹಚ್ಚಿದ. ತಂತಿ ಇದ್ದ ಜಾಗದಲ್ಲಿ ಒಂದು ಗುಳ್ಳೆ ನಿಧಾನವಾಗಿ ಊದಿಕೊಂಡು ಒಡೆಯಿತು. ಇನ್ನೊಂದು ಎದ್ದಿತು.

ನಿಂತ ಕಾರಿನಲ್ಲಿ ದಿನಗಟ್ಟಲೆ ಇಂಜಿನ್ ನಡುಗಿ, ಆ ತಂತಿ ಎಸಿಯ ಕೊಳವೆಯನ್ನು ಕೂದಲೆಳೆಯಷ್ಟು ಕೊರೆದಿತ್ತು.

"ನಾನಽ ಮಾಡೀನೇನ?" ಎಂದರು ಅತ್ತೆ.

"ರಸ್ತೇದ ಕಲ್ಲು ಬಡದಿರಬೇಕು ಅತ್ತಿ," ಎಂದೆ.

"ಕಲ್ಲಿಗಿ ತಂತಿ ಸುತ್ತಾಕ ಬರ್ತೈತೇನ, ಸುಮಾ?"

ವೀರೇಶ ಅವರು ಬಕೆಟ್ ಎತ್ತಿಕೊಂಡು ಪಂಪಿನ ಕಡೆ ನಡೆದುಬಿಟ್ಟರು. ಗೌಸ್ ಮಿಯಾ ತಲೆ ತಗ್ಗಿಸಿ ಬೆಸುಗೆಯ ಬೆಂಕಿ ಹಚ್ಚಿದ.

ತೂತು ಮುಚ್ಚಿತು. ಮುಳ್ಳು ನಿಂತಲ್ಲೇ ನಿಂತಿತು. ಇನ್ನು ಪೈಪಿನ ಒಳಗಿನ ಗಾಳಿ, ತೇವವನ್ನೆಲ್ಲ ಮೋಟಾರಿನಿಂದ ಹೀರಿ ತೆಗೆದು, ಆಮೇಲೆ ಗ್ಯಾಸ್ ತುಂಬಬೇಕು. ಆತ ಮೋಟಾರಿನ ಸ್ವಿಚ್ ಒತ್ತಿದ. ಒತ್ತಿದ, ಮತ್ತೆ ಒತ್ತಿದ. ಕರೆಂಟು ಹೋಗಿತ್ತು.

"ಎಷ್ಟೊತ್ತಿಗಿ ಬರ್ತೈತಿ?"

"ದವಾಖಾನಿ ಸುದ್ದಾ ಊರಿಗೆಲ್ಲ ಹೋಗೈತಿ. ಸಂಜಿಗಿ. ಬಂದ್ರ."

ನಾನು ಥರ್ಮಾಮೀಟರ್ ತೆಗೆದು ನೋಡಿ, ಯಾರಿಗೂ ಹೇಳದೆ ಝಾಡಿಸಿ ಒಳಗಿಟ್ಟೆ. ಸೋಮುವಿನ ಕೈಬೆರಳು ಒಂದೊಂದಾಗಿ ಮಡಚಿಕೊಳ್ಳತೊಡಗಿದ್ದವು. ಹಿಂದಿನ ವರ್ಷವೂ ಹೀಗೇ ಬೆರಳಿನಿಂದ ಶುರುವಾಗಿತ್ತು.

"ಹೀರೋದು ಬಿಟ್ಟು ಸುಮ್ಮನ ತುಂಬ್ರಿ," ಎಂದೆ.

"ಹಂಗ ಮಾಡಂಗಿಲ್ಲ ಅಕ್ಕಾ. ತೇವ ಒಳಗ ಉಳದ್ರ ಮಷಿನ್ ಕೆಡ್ತೈತಿ. ಗೌಸ್ ಮಾಡಿದ ಕೆಲಸ ಎಂಟು ದಿನಕ್ಕ ಕೆಟ್ಟಿತು ಅಂತಾರ. ನನ್ನ ಹೆಸರು..."

"ಎಂಟು ದಿನ ಬ್ಯಾಡ. ಇವತ್ತಿನ ಮಧ್ಯಾಹ್ನ ದಾಟಿಸ್ರಿ. ನಾಳಿ ಕೆಡಲಿ, ಸುಟ್ಟು ಹೋಗಲಿ. ಇವತ್ತು ತುಂಬ್ರಿ!"

ಅಷ್ಟು ಜೋರಾಗಿ ನಾನು ಅದಕ್ಕೆ ಮೊದಲು ಯಾರೆದುರೂ ಮಾತಾಡಿದವಳಲ್ಲ. ಗೌಸ್ ಮಿಯಾ ಮಗುವಿನ ಬೆರಳು ನೋಡಿದ. "ಯಾ ಅಲ್ಲಾ" ಎಂದವನೇ ಸಿಲಿಂಡರ್ ಎಳೆದುಕೊಂಡು, ಗ್ಯಾಸಿನಿಂದಲೇ ಒಳಗಿನ ಗಾಳಿಯನ್ನು ಹೊರಗೆ ದೂಡಿ, ತುಂಬತೊಡಗಿದ. ವೀರೇಶ ಅವರು ಇಂಜಿನ್ ಚಾಲೂ ಮಾಡಿದರು. ಒದ್ದೆ ಮಗುವನ್ನು ಎದೆಗವಚಿಕೊಂಡು ನಾನು ಹಿಂದಿನ ಸೀಟಿಗೆ ಹಾರಿದೆ.

ಮೊದಲು ಬಿಸಿ ಗಾಳಿ. ಆಮೇಲೆ ಬೆಚ್ಚಗೆ. ಆಮೇಲೂ ಬೆಚ್ಚಗೆ. ನಾನು ಕಣ್ಣು ಮುಚ್ಚಿ ಎಣಿಸತೊಡಗಿದೆ, ಎಣಿಕೆ ತಪ್ಪಿತು. ಆಗ ಬಂತು ಆ ವಾಸನೆ, ನೆನೆದ ಗೋಣಿಚೀಲದ್ದು, ಅದರ ಹಿಂದೆ ಕತ್ತಿಯಂತೆ ತಣ್ಣನೆಯ ಗಾಳಿ. ಒದ್ದೆ ಬನಿಯನ್ ಮೇಲೆ ಅದು ಬೀಸುತ್ತಿದ್ದಂತೆ ಮಗುವಿನ ಬೆನ್ನು ನಡುಗಿತು. ಮಡಚಿದ ಬೆರಳು ನಾನು ಬಿಡಿಸಿದರೆ ಬಿಡಿಸಿದ ಹಾಗೇ ಇರತೊಡಗಿತು. ಎಷ್ಟೋ ಹೊತ್ತಿನ ಮೇಲೆ ಅವನು, "ನೀರು," ಎಂದ.

ಮುಂದೆ ಮಳೆಗಾಲದಲ್ಲಿ ಗೌಸ್ ಮಿಯಾ ಅದನ್ನು ಮತ್ತೆ ಬಿಚ್ಚಿ ಸರಿಯಾಗಿ ಮಾಡಿಕೊಟ್ಟ. ಆದರೆ ಆ ದಿನದ ಅವಸರದ ಗ್ಯಾಸೇ ಜೂನಿನ ಮೊದಲ ಮಳೆಯವರೆಗೆ ಹೇಗೋ ನಿಂತಿತು, ನಮ್ಮನ್ನು ದಾಟಿಸಿತು.

ಹೊರಡುವ ಹೊತ್ತಿಗೆ ಅತ್ತೆ ಕಾಣಲಿಲ್ಲ. ಕಿಟಕಿಯಿಂದ ನೋಡಿದರೆ ಪಂಪಿನ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತಿದ್ದಾರೆ, ಉಡಿಯಲ್ಲಿ ಆ ತಂತಿಗಳು.

"ಯವ್ವಾ, ಬಾ," ಎಂದು ವೀರೇಶ ಅವರು ಕರೆದರು.

"ನೀವು ನಡೀರಿ. ನಾ ಬಸ್ಸಿಗಿ ಬರ್ತೀನಿ."

"ಯಾವ ಬಸ್ಸು ಈ ಬಿಸಲಾಗ?"

"ಒಂದ ಮೈ ಕಮ್ಮಿ ಆದ್ರ ಅಷ್ಟು ತಂಪು ಉಳೀತೈತಿ ಕೂಸಿಗಿ. ನನ್ನ ಮೈ ಒಲಿಯಂಗ ಕಾದೈತಿ. ನಡೀರಿ ನೀವು."

ನಾನು ಹಿಂದಿನ ಬಾಗಿಲನ್ನು ಪೂರ್ತಿ ತೆರೆದೆ. ಅಷ್ಟು ಕಷ್ಟಪಟ್ಟು ಬಂದ ತಂಪು ನನ್ನ ಕಾಲು ಸವರಿ ಗದ್ವಾಲದ ಬಿಸಿಲಿಗೆ ಹೋಗತೊಡಗಿತು.

"ಬಾಗಿಲಾ ಹಾಕ!" ಎಂದು ಅತ್ತೆ ಎದ್ದು ಚೀರಿದರು. "ಎಲ್ಲಾ ಹೊರಗ ಹೋಗ್ತೈತಿ, ಹಾಕ!"

"ನೀವು ಕೂಡೋತನ ನಾ ಹಾಕಂಗಿಲ್ಲ."

"ಹುಚ್ಚಿ ಏನ ನೀ? ಕಾನ್ವೆಂಟಿನಾಗ ಇದಽ ಕಲಿಸ್ಯಾರೇನ?"

"ಹೌದ್ರಿ. ಲಗೂನ ಬರ್ರಿ."

ಅವರು ಓಡಿಬಂದರು. ಅವರ ವಯಸ್ಸಿಗೆ, ಆ ಮಂಡಿಗಳಲ್ಲಿ, ಓಡಿಯೇ ಬಂದರು. ಹತ್ತಿ ಕೂತು, ತಾವೇ ಬಾಗಿಲು ಎಳೆದುಕೊಂಡರು. ಸೀಟಿನ ತುದಿಯಲ್ಲಿ, ಬೆನ್ನು ತಾಗಿಸದೆ, ಮೊಮ್ಮಗನಿಗೆ ತಮ್ಮ ಮೈ ಸೋಕದಂತೆ ಮೊಣಕಾಲು ಕೂಡಿಸಿಕೊಂಡು ಕೂತರು. ಊರು ದಾಟುವವರೆಗೂ ಹಾಗೇ.

ಡ್ಯಾಮಿನ ಮೇಲೆ ಬಂದಾಗ ಸೋಮು ನಿದ್ದೆಯಲ್ಲಿ ಹೊರಳಿ ಎರಡೂ ಕಾಲನ್ನು ಅಜ್ಜಿಯ ತೊಡೆಯ ಮೇಲೆ ಚಾಚಿದ. ಅತ್ತೆ ಮೆಲ್ಲಗೆ ಒಂದು ಬೆರಳಿನಿಂದ ಪಾದ ಮುಟ್ಟಿದರು, ಆಮೇಲೆ ಇಡೀ ಅಂಗೈಯಿಂದ.

"ಸುಮಾ, ಪಾದ ತಣ್ಣಗ ಆಗ್ಯಾವ."

"ಹೌದು ಅತ್ತಿ."

ಅವರು ಬೆನ್ನು ಹಿಂದಕ್ಕೆ ಚೆಲ್ಲಿದರು. ತಮ್ಮ ಮಕ್ಕಳಿಗೆಲ್ಲ ಮಾಡಿದ ಹಾಗೆ, ಯೋಚಿಸದೆಯೇ, ಸೆರಗೆಳೆದು ಆ ಎರಡು ಪುಟ್ಟ ಪಾದಗಳ ಮೇಲೆ ಹೊದಿಸಿದರು. ಸುತ್ತಲೂ ಸಿಕ್ಕಿಸಿದರು. ಆಮೇಲೆ, ಇವನಿಗೆ ಹೊದಿಕೆಯೂ ಬಿಸಿಯೆಂದು ನೆನಪಾಗಿ, ಗಕ್ಕನೆ ತೆಗೆದುಬಿಟ್ಟರು.